ಎದುರು ಅಂಗಡಿಯ ಹೆಸರು

ನಾನು ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರನ್ನು ನನ್ನ ಕಂಪ್ಯೂಟರೇ ದೊಡ್ಡಬೈರಪ್ಪನ ಅಂಗಡಿಗೆ ಸಾಗಿಸುತ್ತಿದೆ ಎಂದು ತಿಳಿದ ದಿನ ನನ್ನ ಮೈಯೆಲ್ಲ ಉರಿದುಹೋಯಿತು.

ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ನನ್ನದು. ಎದುರಿಗೇ ಬೈರಪ್ಪನದು. ನಾನು ಇವತ್ತು ಮಾಡಿದ ಡಿಸೈನು ನಾಳೆ ಅವನ ಗಾಜಿನ ಹಿಂದೆ ನೇತಾಡುತ್ತದೆ, ಅಂಥ ಕಳ್ಳ. ಪತ್ರಿಕೆ ಜೋಡಿಸುವ ಸಾಫ್ಟ್‌ವೇರು ಮಾತ್ರ ಬೀದಿಗೆಲ್ಲ ಒಂದೇ ಕಂಪನಿಯದು. ಆಷಾಢದಲ್ಲಿ ಮದುವೆಗಳಿಲ್ಲ, ಹಾಗಾಗಿ ಪ್ರತಿ ವರ್ಷ ಅದರ ಹೊಸ ಆವೃತ್ತಿಯನ್ನು ಆಗಲೇ ಬಿಡುತ್ತಾರೆ. ಶ್ರಾವಣ ಹುಟ್ಟಿದರೆ ಹಳೆಯದು ಬಂದ್.

"ಈ ಸಲ ನಮ್ಮ ಸರ್ವರ್‌ನಿಂದ ಎಲ್ರಿಗೂ ಕಳ್ಸಲ್ಲ ಸಾರ್," ಎಂದ ಕಂಪನಿಯ ಅಭಿನಂದನ್. "ತುಂಡು ತುಂಡಾಗಿ ಬರುತ್ತೆ. ನಿಮ್ಗೆ ಬಂದಿದ್ದನ್ನ ನಿಮ್ಮ ಮೆಷಿನ್ನು ಬೇರೆ ಅಂಗಡಿಗೆ ಕೊಡುತ್ತೆ, ಅವರ್ದು ನಿಮ್ಗೆ ಕೊಡುತ್ತೆ."

"ಅಂದ್ರೆ ನನ್ನ ಕರೆಂಟು, ನನ್ನ ನೆಟ್ಟು, ಆ ಬೈರಪ್ಪನ ಸೇವೆಗೆ?"

"ಹಂಚ್ಕೊಂಡ್ರೆ ಎಲ್ರಿಗೂ ಬೇಗ ಸಾರ್."

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಅವನು ಆಚೆ ಹೋದದ್ದೇ ತಡ, ಶೇರಿಂಗ್ ಆಫ್ ಮಾಡಿದೆ. ಅಷ್ಟಕ್ಕೇ ಬಿಡಲಿಲ್ಲ. ಬೀದಿಯುದ್ದಕ್ಕೂ ಅಂಗಡಿ ಅಂಗಡಿ ಹತ್ತಿ, "ನಿಮ್ಮ ಮಾಲು ಶತ್ರುಗೆ ಹೋಗ್ತಿದೆ, ಆಫ್ ಮಾಡ್ರಯ್ಯ" ಎಂದು ಹೇಳಿಬಂದೆ. ಎಲ್ಲರಿಗೂ ಒಬ್ಬೊಬ್ಬ ಶತ್ರು ಇದ್ದ. ಎಲ್ಲರೂ ಆಫ್ ಮಾಡಿದರು.

ಶ್ರಾವಣ ಬಂತು. ಹಳೆಯದು ನಿಂತಿತು. ಹೊಸದು ಕೊನೆಯ ತುಂಡಿಗಾಗಿ ಕಾಯುತ್ತ ಕೂತಿತು. ಪಕ್ಕದವರನ್ನು ಕೇಳಿದರೆ ಅವರಿಗೂ ಅದೇ ತುಂಡು ಬೇಕಾಗಿತ್ತು.

ಆಗಲೇ ಅಚ್ಚು ಹಾಕಬೇಕಾಗಿದ್ದದ್ದು ನನ್ನ ಮಗಳು ತೇಜಶ್ರೀಯ ಮದುವೆ ಪತ್ರಿಕೆ. ಭಾನುವಾರ ದೇವರ ಮುಂದಿಟ್ಟು ಬೀಗರಿಗೆ ಕೊಡಬೇಕು. ಪತ್ರಿಕೆಯ ಹಿಂಬದಿಯಲ್ಲಿ, ಕೆಳಗೆ, ಸಣ್ಣಕ್ಷರದಲ್ಲಿ ಅಂಗಡಿಯ ಹೆಸರಿರುವುದು ನಮ್ಮ ಬೀದಿಯ ಪದ್ಧತಿ. ಊರವರ ಮದುವೆಗೆಲ್ಲ ನನ್ನ ಹೆಸರು ಹೋಗಿದೆ. ನನ್ನ ಮಗಳ ಮದುವೆಗೇ ಇನ್ನೊಬ್ಬನ ಹೆಸರು ಬಂದರೆ ಸಾಯುವಷ್ಟು ಅವಮಾನ.

"ಸರ್ವರ್ ಕೆಟ್ಟಿದೆ ಸಾರ್, ಸೋಮವಾರ ಆಗುತ್ತೆ," ಎಂದ ಅಭಿನಂದನ್ ಫೋನಿನಲ್ಲಿ. "ನಿಮ್ಮ ಬೀದೀಲಿ ಪೂರ್ತಿ ಇರೋದು ದೊಡ್ಡಬೈರಪ್ಪನವ್ರ ಹತ್ರ ಮಾತ್ರ. ಅದ್ರಲ್ಲೂ ಅರ್ಧ ಹೋಗಿರೋದು ನಿಮ್ಮಿಂದಾನೇ, ನೀವು ಆಫ್ ಮಾಡೋಕ್ ಮುಂಚೆ."

ಹಲ್ಲು ಕಚ್ಚಿಕೊಂಡು ಮಗಳ ಜೊತೆ ಬೈರಪ್ಪನ ಅಂಗಡಿಯ ಮೆಟ್ಟಿಲು ಹತ್ತಿದೆ. "ಶೇರಿಂಗ್ ಆನ್ ಮಾಡಯ್ಯ, ಸ್ವಲ್ಪ ಹೊತ್ತು."

"ಶತ್ರುಗೆ ಕೊಡ್ಬೇಡಿ ಅಂತ ನೀವೇ ಹೇಳ್ಕೊಂಡ್ ಬಂದ್ರಲ್ಲ ನಾರಾಯಣಪ್ಪೋರೆ." ಅವನು ನಗಲೂ ಇಲ್ಲ. "ಮಗಳ ಕಾರ್ಡು ಬೇಕಾದ್ರೆ ನಾನೇ ಹಾಕ್ಕೊಡ್ತೀನಿ."

"ಹಿಂದೆ ಹೆಸ್ರು ಬೇಡ."

"ಹೆಸ್ರಿಲ್ದೆ ನಮ್ಮಲ್ಲಿ ಕಾರ್ಡು ಆಚೆ ಹೋಗಲ್ಲ."

"ಹಾಕಿ ಅಂಕಲ್," ಎಂದಳು ತೇಜಶ್ರೀ, ನನ್ನ ಮುಖವನ್ನೂ ನೋಡದೆ.

ಭಾನುವಾರ ಗವಿಪುರದ ದೇವಸ್ಥಾನದಲ್ಲಿ ಬೀಗರ ಕೈಗೆ ಪತ್ರಿಕೆ ಕೊಟ್ಟೆ. ಅವರು ಬಿಡಿಸಿ ಓದಿದರು, ಮೆಚ್ಚಿದರು, ಹಿಂದೆ ತಿರುಗಿಸಿ ಕನ್ನಡಕ ಸರಿಮಾಡಿಕೊಂಡರು.

"ಓಹೋ! ಒಳ್ಳೆ ಕಾರ್ಡು ಬೇಕು ಅಂದ್ರೆ ನೀವೂ ಇವ್ರ ಹತ್ರಾನೇ ಹೋಗ್ತೀರಾ?"

ಹೌದು ಎಂದೆ.