ತಲೆ ಎಣಿಸಿದರು, ಹೆಸರು ಕರೆಯಲಿಲ್ಲ

ಇತೊಮಾನ್ ಬಂದರಿನ ಹಿಂದಿನ ಬೀದಿಯಲ್ಲಿ ಹೆಂಗಸರದ್ದೊಂದು ಕೂಟವಿದೆ. ಅದಕ್ಕೆ ಮೊಆಯಿ ಅನ್ನುತ್ತಾರೆ. ತಿಂಗಳಿಗೊಮ್ಮೆ ಸೇರುವುದು, ಚಹಾ ಕುಡಿಯುವುದು, ಕಷ್ಟಸುಖ ಮಾತಾಡುವುದು. ಆ ಸಂಜೆ ಅಲ್ಲಿ ಗದ್ದಲವೋ ಗದ್ದಲ. ಈ ಸಲ ಎಲ್ಲರೂ ಕೂಡಿ ಒಂದು ದಿನದ ಮಟ್ಟಿಗೆ ಸಮುದ್ರಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಬೆಳಗ್ಗೆ ದೋಣಿ ಹತ್ತುವುದು, ಜನವಸತಿಯಿಲ್ಲದ ಮರಳು ದ್ವೀಪದಲ್ಲಿ ಇಳಿಯುವುದು, ಈಜುವುದು, ಕಣ್ಣಿಗೆ ಗಾಜು ಕಟ್ಟಿ ಬಾಯಲ್ಲಿ ಕೊಳವೆ ಕಚ್ಚಿಕೊಂಡು ಹವಳದ ನಡುವಿನ ಮೀನು ನೋಡುವುದು, ಕತ್ತಲಾಗುವ ಮುಂಚೆ ಮನೆ.

ಎಲ್ಲರೂ ಸಮುದ್ರದ ಮಗ್ಗುಲಲ್ಲೇ ಹುಟ್ಟಿ ಬೆಳೆದವರು. ಮೀನು ಮಾರಿದವರು, ಮೀನು ಸೀಳಿದವರು. ಆದರೆ ಜೀವಂತ ಮೀನಿನ ಜೊತೆ ಈಜಿದವರು ಅವರಲ್ಲಿ ಕಡಿಮೆ.

ಕೂಟದ ಮುಂದಾಳು ಕಜುಯೆ. ಮೀನು ಮಾರುಕಟ್ಟೆಯಲ್ಲಿ ಅವಳದ್ದೊಂದು ಅಂಗಡಿ. ಗಂಟಲು ದೊಡ್ಡದು, ಮನಸ್ಸೂ ದೊಡ್ಡದು. ಬೀದಿಯಲ್ಲಿ ಮದುವೆಯಿರಲಿ, ಸಾವಿರಲಿ, ಕಜುಯೆ ಬಂದಳೆಂದರೆ ಉಳಿದವರಿಗೆ ಅರ್ಧ ಚಿಂತೆ ಇಳಿಯುತ್ತಿತ್ತು.

ಮಾತಿನ ನಡುವೆ ಮಿಸಾವೊ ಒಂದು ವಿಷಯ ಎತ್ತಿದಳು. ಅವಳು ಊರಿನ ಕ್ಲಿನಿಕ್ಕಿನಲ್ಲಿ ನರ್ಸು. ನೀರಿನಲ್ಲಿ ಜೀವ ಉಳಿಸುವ ತರಬೇತಿ ಪಡೆದಿದ್ದಳು. ಸಮುದ್ರಕ್ಕೆ ಗುಂಪಾಗಿ ಹೋಗುವಾಗ ಇಬ್ಬಿಬ್ಬರು ಜೋಡಿಯಾಗಬೇಕು, ಜೋಡಿಯವರು ಒಟ್ಟಿಗೇ ನೀರಿಗಿಳಿದು ಒಟ್ಟಿಗೇ ಮೇಲೆ ಬರಬೇಕು, ದೋಣಿ ಬಿಡುವ ಮುಂಚೆ ಒಬ್ಬೊಬ್ಬರ ಹೆಸರು ಕರೆಯಬೇಕು ಎಂದಳು.

ಕಜುಯೆಗೆ ನಗು ಬಂತು. "ಜೋಡಿ ಜೋಡಿಯಾಗಿ ಕೈ ಹಿಡ್ಕೊಂಡು ಹೋಗೋಕೆ ನಾವೇನು ಶಿಶುವಿಹಾರದ ಮಕ್ಕಳಾ? ಇಷ್ಟು ವರ್ಷದಿಂದ ನಿಮ್ಮನ್ನೆಲ್ಲ ನೋಡ್ತಿದ್ದೀನಿ. ಕಣ್ಮುಚ್ಕೊಂಡು, ಕೆಮ್ಮಿದ್ದು ಯಾರು ಅಂತ ಹೇಳ್ತೀನಿ."

ಮೂಲೆಯಿಂದ ಯಾರೋ ಬೇಕೆಂದೇ ಕೆಮ್ಮಿದರು. ಕಜುಯೆ ತಿರುಗದೆಯೇ ಹೆಸರು ಹೇಳಿದಳು. ಸರಿಯಾಗಿತ್ತು. ಕೋಣೆಯೆಲ್ಲ ನಗೆ. ಮಿಸಾವೊ ತಾನೂ ನಕ್ಕು ಮಾತನ್ನು ಅಲ್ಲಿಗೇ ಬಿಟ್ಟಳು.

ಆ ಹೊತ್ತಿಗೆ ಎಲ್ಲರ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದವಳು ಚಿಯೊ. ಹೋಟೆಲೊಂದರಲ್ಲಿ ಬಟ್ಟೆ ಒಗೆದು ಇಸ್ತ್ರಿ ಹಾಕುವ ಕೆಲಸ ಅವಳದು. ತಾಯಿ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಕೂಟಕ್ಕೆ ತಪ್ಪದೆ ಬರುವಳು, ಕೊನೆಯಲ್ಲಿ ಲೋಟ ತೊಳೆದಿಟ್ಟು ಹೋಗುವಳು. ಯಾರಿಗೂ ಅವಳ ಮೇಲೆ ಬೇಸರವಿರಲಿಲ್ಲ. ಯಾರಿಗೂ ಅವಳ ನೆನಪೂ ಆಗುತ್ತಿರಲಿಲ್ಲ.

ಹೊರಟ ದಿನ ಸಮುದ್ರ ಕನ್ನಡಿಯ ಹಾಗಿತ್ತು. ದೋಣಿ ನಡೆಸುವ ತಾಂಡೇಲ ಸೆಯ್ಕಿ ಎಲ್ಲರ ಚಪ್ಪಲಿ ಬಿಚ್ಚಿಸಿ ಒಂದು ಬುಟ್ಟಿಗೆ ಹಾಕಿಸಿದ, ತೇಲುವ ಅಂಗಿ ತೊಡಿಸಿದ, ತಲೆ ಎಣಿಸಿಕೊಂಡ. ದ್ವೀಪ ಮುಟ್ಟಿದ ಮೇಲೆ ಒಂದೇ ಮಾತು ಹೇಳಿದ: ಆ ಕರಿ ಬಂಡೆಯ ಆಚೆ ಹೋಗಬೇಡಿ, ನೀರು ಇಳಿಯುವ ಹೊತ್ತಿಗೆ ಅಲ್ಲಿ ಸೆಳೆತ ಜೋರು.

ಹೆಂಗಸರು ಮೊದಲು ಮೊಣಕಾಲುದ್ದ ನೀರಿನಲ್ಲಿ ಕಿರುಚಾಡಿದರು. ಆಮೇಲೆ ಒಬ್ಬೊಬ್ಬರಾಗಿ ಮುಖ ನೀರಿಗಿಟ್ಟರು. ನೀಲಿ ಮೀನು, ಹಳದಿ ಮೀನು, ಬೆರಳು ಚಾಚಿದರೆ ಒಳಗೆ ಸರಿಯುವ ಪುಟ್ಟ ಮೀನು. ಮಾರುಕಟ್ಟೆಯ ಹಲಗೆಯ ಮೇಲೆ ಕಂಡದ್ದೇ ಬೇರೆ, ಇದೇ ಬೇರೆ. ಮಧ್ಯಾಹ್ನ ಮರಳಿನ ಮೇಲೆ ಅನ್ನದ ಉಂಡೆ, ಹಾಗಲಕಾಯಿ ಪಲ್ಯ, ಹುರಿದ ಹಂದಿಮಾಂಸ. ಕಜುಯೆ ತಣ್ಣಗಿನ ಬಿಯರ್ ತೆಗೆದಳು. ಕುಡಿದು ನೀರಿಗಿಳಿಯಬಾರದು ಎಂದು ಮಿಸಾವೊ ಹೇಳಲು ಹೋದಳು. ಅವಳ ಕೈಗೂ ಒಂದು ಡಬ್ಬಿ ಬಂತು.

ಊಟವಾದ ಮೇಲೆ ಚಿಯೊ ಮತ್ತೆ ನೀರಿಗಿಳಿದಳು. ಅವಳು ಚೆನ್ನಾಗಿ ಈಜುತ್ತಾಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ. ಅವಳೆದುರು ಒಂದು ಆಮೆ ಬಂತು. ಆಮೆಯ ಹಿಂದೆ ಹೋದವಳಿಗೆ ಬಂಡೆ ದಾಟಿದ್ದೇ ತಿಳಿಯಲಿಲ್ಲ. ತಲೆಯೆತ್ತಿ ನೋಡುವಷ್ಟರಲ್ಲಿ ಸೆಳೆತ ಅವಳನ್ನು ಹಿಡಿದಿತ್ತು.

ಇತ್ತ ಗಾಳಿ ದಿಕ್ಕು ಬದಲಿಸಿತು. ಸೆಯ್ಕಿ ಎಲ್ಲರನ್ನೂ ಬೇಗ ಬೇಗ ದೋಣಿಗೆ ಕರೆದ. ಅಷ್ಟರಲ್ಲಿ ಕಜುಯೆಯ ತಮ್ಮನ ಮಗ ಶುಂಜಿ ಓಡಿಬಂದ. ಅವನು ಗೆಳೆಯರ ಜೊತೆ ಇನ್ನೊಂದು ದೋಣಿಯಲ್ಲಿ ಬಂದಿದ್ದ. ಗೆಳೆಯರು ಬೇರೆ ದ್ವೀಪಕ್ಕೆ ಹೊರಟಿದ್ದರು, ಅವನಿಗೆ ಮಾರನೆಯ ದಿನ ಕೆಲಸವಿತ್ತು. ಕಜುಯೆ ಅವನನ್ನು ಹತ್ತಿಸಿಕೊಂಡು ಹೆಂಗಸರ ನಡುವೆ ಕೂರಿಸಿದಳು. ಸೆಯ್ಕಿ ಹಿಂದುಗಡೆ ಎಂಜಿನ್ ನೋಡುತ್ತಿದ್ದ. ಅವನಿಗೆ ಹೇಳಬೇಕೆಂದು ಅವಳಿಗೆ ತೋಚಲಿಲ್ಲ.

ಸೆಯ್ಕಿ ಬಂದು ಬೆರಳಾಡಿಸಿ ತಲೆ ಎಣಿಸಿದ. ಬೆಳಗ್ಗೆ ಎಷ್ಟಿತ್ತೋ ಅಷ್ಟೇ ಇತ್ತು. ಆದರೂ ಕೇಳಿದ, "ಕಜುಯೆ ಅಕ್ಕ, ಎಲ್ಲ ಬಂದ್ರಾ?"

"ಬಂದ್ರು ಬಂದ್ರು. ನನ್ ಜನ ನಂಗೊತ್ತಿಲ್ವಾ? ಬಿಡು ದೋಣೀನ."

ಮಿಸಾವೊಗೆ ಏನೋ ಕೊರತೆ ಅನ್ನಿಸಿತು. ಹೆಸರು ಕರೆಯೋಣವಾ ಎನ್ನಲು ಬಾಯಿ ತೆರೆದಳು. ಆ ಸಂಜೆಯ ನಗೆ ನೆನಪಾಯಿತು. ಬಾಯಿ ಮುಚ್ಚಿಕೊಂಡಳು.

ದಾರಿಯುದ್ದಕ್ಕೂ ಹಾಡು, ಹರಟೆ, ತೂಕಡಿಕೆ. ಕರಿದ ಸಿಹಿ ಉಂಡೆಗಳು ಕೈಯಿಂದ ಕೈಗೆ ಹೋದವು. ಯಾರೂ ಯಾರನ್ನೂ ಹುಡುಕಲಿಲ್ಲ.

ಬಂದರಿನಲ್ಲಿ ಇಳಿದು ಎಲ್ಲರೂ ಚಪ್ಪಲಿ ಮೆಟ್ಟಿಕೊಂಡರು. ಬುಟ್ಟಿಯಲ್ಲಿ ಒಂದು ಜೊತೆ ಉಳಿಯಿತು. ಹಳೆಯ ನೀಲಿ ಚಪ್ಪಲಿ, ಪಟ್ಟಿ ಕಿತ್ತಲ್ಲಿ ದಾರದಿಂದ ಹೊಲಿದಿತ್ತು. "ಯಾರ್ದಿದು?" ಎಂದ ಸೆಯ್ಕಿ. ಪ್ರತಿಯೊಬ್ಬಳೂ ತನ್ನ ಕಾಲು ನೋಡಿಕೊಂಡಳು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಲ್ಲ ಎಂದು ತಿಳಿಯಲು ಅವರಿಗೆ ಹಾಗೆ ಮುಖ ಮುಖ ನೋಡಬೇಕಾಯಿತು.

"ಚಿಯೊ," ಎಂದಳು ಮಿಸಾವೊ.

ತಾನು ಎಣಿಸಿದಾಗ ಲೆಕ್ಕ ಸರಿಯಿತ್ತಲ್ಲ ಎಂದು ಸೆಯ್ಕಿ ತೊದಲಿದ. ಆಗ ಅವನ ಕಣ್ಣು ಶುಂಜಿಯ ಮೇಲೆ ಬಿತ್ತು. ಇವನು ಯಾರು ಎಂದು ಕೇಳಿದ. "ಅತ್ತೆ ಕರೆದ್ರು, ಹತ್ತಿದೆ," ಎಂದ ಶುಂಜಿ ನೆಲ ನೋಡುತ್ತ.

ಸೆಯ್ಕಿ ಕರಾವಳಿ ಕಾವಲಿನವರಿಗೆ ಫೋನ್ ಮಾಡಿ, ಹಿಂದೆ ಮುಂದೆ ನೋಡದೆ ದೋಣಿ ತಿರುಗಿಸಿದ. ತಾನೂ ಬರುತ್ತೇನೆಂದು ಕಜುಯೆ ಮುಂದೆ ಬಂದಳು. ಅವನು ಬೇಡ ಎಂದು ಕೈಯಾಡಿಸಿದ.

ಕಾವಲಿನ ಅಧಿಕಾರಿಯೊಬ್ಬ ಬಂದು ಹೆಂಗಸರನ್ನು ವಿಚಾರಿಸತೊಡಗಿದ. ಅವಳು ಯಾವ ಬಣ್ಣದ ಬಟ್ಟೆ ಹಾಕಿದ್ದಳು? ಕಪ್ಪು ಎಂದಳು ಒಬ್ಬಳು. ಕಡುಗೆಂಪು ಎಂದಳು ಇನ್ನೊಬ್ಬಳು. ಈಜು ಬರುತ್ತದೆಯೇ? ಗೊತ್ತಿಲ್ಲ. ಕೊನೆಗೆ ಅವಳನ್ನು ಎಲ್ಲಿ ನೋಡಿದಿರಿ? ಊಟಕ್ಕಿದ್ದಳು, ಇದ್ದಿರಬೇಕು. ಮನೆಯವರು ಯಾರಿದ್ದಾರೆ, ಯಾರಿಗೆ ತಿಳಿಸಬೇಕು? ದೂರದ ದ್ವೀಪದಲ್ಲಿ ಅಕ್ಕನೊಬ್ಬಳಿದ್ದಾಳೆ ಎಂದು ಯಾರೋ ಅಂದರು. ಅಕ್ಕನಲ್ಲ, ಚಿಕ್ಕಮ್ಮ ಎಂದರು ಇನ್ಯಾರೋ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ, "ನೀವೆಲ್ಲ ಒಂದೇ ಗುಂಪಿನವರು ತಾನೆ?" ಎಂದು ಕೇಳಿದ. ಅವನು ಗದರಿ ಕೇಳಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ. ಕೆಮ್ಮಿದವರ ಹೆಸರು ಹೇಳುತ್ತೇನೆಂದಿದ್ದ ಕಜುಯೆಗೆ ಆ ಕ್ಷಣ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ, ಹುಡುಕಿಹೋದವರಿಗೆ ಚಿಯೊ ಸಿಕ್ಕಿದಳು. ತೇಲುವ ಅಂಗಿ ಅವಳನ್ನು ಮುಳುಗಗೊಡಲಿಲ್ಲ. ಸೆಳೆತದ ಎದುರು ಗುದ್ದಾಡದೆ ಅಡ್ಡಕ್ಕೆ ಈಜಿ ಅವಳು ಬಂಡೆಗಳ ಸಾಲಿಗೆ ಹತ್ತಿಕೊಂಡಿದ್ದಳು. ಹವಳ ತಗುಲಿ ಎರಡೂ ಅಂಗಾಲು ಕೊಯ್ದುಹೋಗಿದ್ದವು. ದೋಣಿ ಹೋಗುವುದನ್ನು ಅವಳು ಕಂಡಿದ್ದಳು. ಕೈ ಬೀಸಿದ್ದಳು. ಕೂಗಿದ್ದಳು. ಗಾಳಿಗೆ, ಎಂಜಿನ್ ಸದ್ದಿಗೆ, ಅವರ ಹಾಡಿಗೆ ಅದು ಕೇಳಿಸಿರಲಿಲ್ಲ.

ಕಂಬಳಿ ಹೊದ್ದು ಬಂದರಿನಲ್ಲಿ ಇಳಿದವಳು ನಡುಗುತ್ತಲೇ ಎಲ್ಲರೆದುರು ತಲೆ ಬಾಗಿಸಿದಳು. "ಎಲ್ರಿಗೂ ತೊಂದ್ರೆ ಕೊಟ್ಬಿಟ್ಟೆ. ನಿಮ್ದೆಲ್ಲ ಊಟ ಆಯ್ತಾ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಯಾರಿಗೂ ತಲೆ ಎತ್ತಲಾಗಲಿಲ್ಲ.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ನಾಚಿಕೆ ಬಂದ ಮನುಷ್ಯ ಮೊದಲು ಮಾಡುವ ಕೆಲಸ ಮುಚ್ಚಿಟ್ಟುಕೊಳ್ಳುವುದು. ಊರಿನವರು ಸೆಯ್ಕಿಯನ್ನು ಬೈದರು. ಎಣಿಸಲೂ ಬಾರದ ತಾಂಡೇಲ ಎಂದರು. ವಿಚಾರಣೆ ಮುಗಿಯುವ ತನಕ ಜನರನ್ನು ಕೂರಿಸಿಕೊಂಡು ಹೋಗಕೂಡದು ಎಂದು ದೋಣಿಯವರ ಸಂಘ ಅವನಿಗೆ ಹೇಳಿತು. ಅವನ ದೋಣಿ ದಡದಲ್ಲಿ ಸುಮ್ಮನೆ ನಿಂತಿತು. ಶುಂಜಿಯನ್ನು ಹತ್ತಿಸಿಕೊಂಡ ಮಾತನ್ನು ಅವನು ಸಂಘದಲ್ಲಿ ಎತ್ತಲಿಲ್ಲ. ಎಣಿಸಿದ್ದು ನಾನು, ತಪ್ಪು ನನ್ನದೇ ಎಂದುಬಿಟ್ಟ. ಕಜುಯೆಯ ಅಂಗಡಿಗೆ ಬಂದ ಗಿರಾಕಿಗಳೂ ಅವನನ್ನೇ ಬೈಯುತ್ತಿದ್ದರು. ಅವಳು ಮೀನು ಕತ್ತರಿಸುತ್ತ ಹೂಂ ಹೂಂ ಎನ್ನುತ್ತಿದ್ದಳು. ರಾತ್ರಿ ಅನ್ನ ಇಳಿಯುತ್ತಿರಲಿಲ್ಲ.

ಒಂದು ದಿನ ಕಜುಯೆ ಮೀನಿನ ಸಾರು ಮಾಡಿಕೊಂಡು ಚಿಯೊಳ ಮನೆಗೆ ಹೋದಳು. ಅವಳ ಬಾಯಿಂದ "ಪರವಾಗಿಲ್ಲ ಬಿಡಿ ಅಕ್ಕ" ಅನ್ನಿಸಿಕೊಂಡರೆ ಎದೆಯ ಭಾರ ಇಳಿದೀತೆಂಬ ಆಸೆ. ಅಷ್ಟು ವರ್ಷದ ಒಡನಾಟದಲ್ಲಿ ಆ ಮನೆಯ ಬಾಗಿಲು ತಟ್ಟಿದ್ದು ಅದೇ ಮೊದಲು. ಚಿಯೊ ಕಾಲಿಗೆ ಪಟ್ಟಿ ಸುತ್ತಿಕೊಂಡೇ ಎದ್ದು ಚಹಾಕ್ಕಿಟ್ಟಳು. ಬಂಡೆಯ ಮೇಲೆ ತುಂಬಾ ಹೆದರಿಕೆ ಆಯಿತಾ ಎಂದು ಕಜುಯೆ ಕೇಳಿದಳು.

ಚಿಯೊ ಹೇಳಿದಳು. "ಹೆದರಿಕೆ ಆಮೇಲೆ ಬಂತು ಅಕ್ಕ. ಮೊದ್ಲು, ನಾನಿಲ್ಲ ಅಂತ ಯಾರಿಗೆ ಗೊತ್ತಾಗ್ಬಹುದು ಅಂತ ಯೋಚ್ನೆ ಮಾಡ್ತಾ ಕೂತಿದ್ದೆ. ಒಬ್ಬೊಬ್ರನ್ನೇ ನೆನೆಸ್ಕೊಂಡೆ. ಒಂದ್ ಹೆಸರೂ ಹೊಳೀಲಿಲ್ಲ."

ಕಜುಯೆ ಲೋಟ ಹಿಡಿದುಕೊಂಡೇ ಕೂತಳು. ಎದೆಯ ಭಾರ ಇಳಿಯಲಿಲ್ಲ. ಚಿಯೊ ಮತ್ತೆ ಮೆಲ್ಲಗೆ ಕೇಳಿದಳು, "ಸೆಯ್ಕಿ ಅಣ್ಣಂದೇನೂ ತಪ್ಪಿಲ್ಲ ಅಲ್ವಾ ಅಕ್ಕ?"

ಅಲ್ಲಿಂದ ಎದ್ದ ಕಜುಯೆ ಮನೆಗೆ ಹೋಗಲಿಲ್ಲ. ಶುಂಜಿಯನ್ನು ಕರೆದುಕೊಂಡು ನೇರ ದೋಣಿಯವರ ಸಂಘಕ್ಕೆ ಹೋಗಿ, ಇವನನ್ನು ಹತ್ತಿಸಿಕೊಂಡವಳು ನಾನು, ತಾಂಡೇಲನಿಗೆ ಹೇಳದವಳು ನಾನು, ಎಲ್ಲರೂ ಬಂದರೆಂದು ಸುಳ್ಳು ಹೇಳಿದವಳೂ ನಾನೇ ಎಂದಳು. ಮುಂದಿನ ಕೂಟದಲ್ಲೂ ಎಲ್ಲರೆದುರು ಅದನ್ನೇ ಹೇಳಿದಳು. ಅವಳ ದೊಡ್ಡ ಗಂಟಲು ಅಂದು ಹಿಂದಿನ ಸಾಲಿಗೂ ಕೇಳಿಸಲಿಲ್ಲ. ಆಮೇಲೆ ಮಿಸಾವೊ ಎದ್ದಳು. ನನಗೆ ತಿಳಿದಿತ್ತು, ನಗುತ್ತಾರೆಂದು ಸುಮ್ಮನಿದ್ದೆ, ತಿಳಿದೂ ಸುಮ್ಮನಿದ್ದವಳ ಪಾಲೂ ಇದರಲ್ಲಿದೆ ಎಂದಳು. ಈ ಸಲ ಅವಳು ಜೋಡಿಯ ಮಾತು ಎತ್ತಿದಾಗ ಯಾರೂ ನಗಲಿಲ್ಲ.

ಸೆಯ್ಕಿಯ ದೋಣಿ ಮತ್ತೆ ನೀರಿಗಿಳಿಯಿತು. ಕಜುಯೆ ಕ್ಷಮೆ ಕೇಳಲು ಹೋದಾಗ ಅವನು ಹೆಚ್ಚು ಮಾತಾಡಲಿಲ್ಲ. "ನಾನೂ ಹೆಸರು ಕರೀಬೇಕಿತ್ತು ಅಕ್ಕ. ಇನ್ಮೇಲೆ ಕರೀತೀನಿ," ಎಂದಷ್ಟೇ ಹೇಳಿ ಹಗ್ಗ ಸುತ್ತತೊಡಗಿದ.

ಮರುವರ್ಷ ಕೂಟದವರು ಅದೇ ದ್ವೀಪಕ್ಕೆ ಹೋದರು. ಚಿಯೊ ಬರುವುದಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ಬಂದಳು. ತನ್ನ ಜೋಡಿಯಾಗುತ್ತೀಯಾ ಎಂದು ಕಜುಯೆ ಹೆದರಿ ಹೆದರಿ ಕೇಳಿದಳು. "ಈ ಸಲ ಮಿಸಾವೊ ಜೊತೆ ಇರ್ತೀನಿ ಅಕ್ಕ. ಬೇಜಾರ್ ಮಾಡ್ಕೋಬೇಡಿ," ಎಂದಳು ಚಿಯೊ. ಕಜುಯೆ ಬೇಜಾರು ಮಾಡಿಕೊಂಡಳು. ಹಾಗೆ ಆಗಬೇಕಾದ್ದೇ ಎಂದೂ ಅಂದುಕೊಂಡಳು.

ದ್ವೀಪದಿಂದ ಹೊರಡುವ ಹೊತ್ತು. ಕಜುಯೆ ನಿಂತು ಒಬ್ಬೊಬ್ಬರ ಹೆಸರು ಕರೆದಳು. ಕರೆಸಿಕೊಂಡವಳು "ಇದ್ದೀನಿ" ಅನ್ನಬೇಕು, ಪಕ್ಕದ ಜೋಡಿಯ ಕೈಯೆತ್ತಿ ತೋರಿಸಬೇಕು. "ಚಿಯೊ" ಎಂದು ಕರೆದಾಗ ಉತ್ತರ ಬರಲಿಲ್ಲ. ಚಿಯೊ ದೋಣಿಯ ಹಿಂಬದಿಯಲ್ಲಿ ಬಗ್ಗಿ ಕಣ್ಣಿನ ಗಾಜು ತೊಳೆಯುತ್ತಿದ್ದಳು. ಎಲ್ಲರಿಗೂ ಅವಳು ಕಾಣುತ್ತಿದ್ದಳು. ಆದರೂ ಅವಳ ಪರವಾಗಿ ಯಾರೂ ಬಾಯಿ ತೆರೆಯಲಿಲ್ಲ. ಕಜುಯೆ ಇನ್ನೊಮ್ಮೆ ಕರೆದಳು. ಚಿಯೊ ತಿರುಗಿ ನೋಡಿದಳು. ಅಷ್ಟೂ ಮುಖಗಳು ತನ್ನನ್ನೇ ಕಾಯುತ್ತಿರುವುದನ್ನು ಕಂಡು ಅವಳ ಕಿವಿ ಕೆಂಪಾಯಿತು. "ಇದ್ದೀನಿ ಅಕ್ಕ," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಗುಂಪು ಕಟ್ಟಿಕೊಂಡು ಹೊರಡುತ್ತೀರಿ. ಸಮುದ್ರಕ್ಕೋ, ಹೊಳೆಗೋ, ಜಲಪಾತಕ್ಕೋ. ನೀರಿಗಿಳಿಯುವ ಮುಂಚೆ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರಲಿ. ಈಜು ಬರುವವರೂ ತೇಲುವ ಅಂಗಿ ತೊಡಿ. ಕುಡಿದವರು ದಡದಲ್ಲೇ ಕೂರಿ. ಹೊಸಬರನ್ನು ಹತ್ತಿಸಿಕೊಂಡರೆ ದೋಣಿಯವನಿಗೆ ಮೊದಲು ಹೇಳಿ. ತಿಳಿದವರು ಒಂದು ಮಾತು ಹೇಳಿದರೆ ನಗಬೇಡಿ. ನಿಮಗೇ ತಿಳಿದಿದ್ದರೆ, ನಕ್ಕರೂ ಹೇಳಿ. ತಲೆಗಳ ಲೆಕ್ಕ ಸರಿಬಂದ ಮಾತ್ರಕ್ಕೆ ಜನ ಸರಿಬಂದ ಹಾಗಲ್ಲ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಿರಿ, ಹೆಚ್ಚು ಮಾತಾಡದವರನ್ನು ಮೊದಲು ಕರೆಯಿರಿ. ಉತ್ತರ ಅವರ ಬಾಯಿಂದಲೇ ಬರಲಿ. ಬರುವ ತನಕ ದೋಣಿ ಬಿಡಬೇಡಿ.