ಸನ್ಮಾನಿತರ ಸೈಕಲ್ ಸವಾರಿ

ಚಿತ್ತಾಪುರದಿಂದ ಕೂಡಲಸಂಗಮದವರೆಗೆ ಸೈಕಲ್ ತುಳಿಯಬೇಕು, ದಾರಿಯುದ್ದಕ್ಕೂ ಸಮಾನತೆ ಸಾರಬೇಕು ಎಂದು ನಮ್ಮ ಬಳಗ ಠರಾವು ಮಾಡಿತು. ಬಳಗದ ಅಧ್ಯಕ್ಷರು ನಿವೃತ್ತ ಪ್ರಾಚಾರ್ಯ ಅಮೃತಪ್ಪನವರು. ಸಮಾನತೆಯ ಬಗ್ಗೆ ತಾಸುಗಟ್ಟಲೆ ಮಾತಾಡಿ, ಕಡೆಗೆ ಗಂಡಸರು ಸೈಕಲ್ ಮೇಲೆ, ಹೆಣ್ಣುಮಕ್ಕಳು ಹಿಂದಿನಿಂದ ಅಡುಗೆ ಜೀಪಿನಲ್ಲಿ ಎಂದು ಹಂಚಿಬಿಟ್ಟರು. ಹೆಣ್ಣುಮಕ್ಕಳು ಎಂದರೆ ಇಡೀ ಬಳಗಕ್ಕೆ ನಾನೊಬ್ಬಳೇ, ರಾಜೇಶ್ವರಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅಡುಗೆ ನನಗೆ ಅಷ್ಟಕ್ಕಷ್ಟೇ. ಸೈಕಲ್ ಮಾತ್ರ ದಿನಾ ಶಾಲೆಗೆ ತುಳಿಯುತ್ತೇನೆ.

"ನಾನೂ ಸೈಕಲ್ ಮ್ಯಾಲೇ ಬರ್ತೀನ್ರಿ ಸರ್" ಎಂದೆ.

"ಬರ್ರಿ, ಬ್ಯಾಡ ಅಂದೋರು ಯಾರು?" ಎಂದು ಅಮೃತಪ್ಪನವರು ಕನ್ನಡಕ ಒರೆಸಿಕೊಂಡರು. "ಆದ್ರ ಐತಾರ ಪ್ರಾಕ್ಟೀಸ್ ಅದ. ದಂಡೋತಿ ಹಾದು ಸೇಡಂ ತನಕ. ಪೂರಾ ತುಳಿದೋರು ಯಾತ್ರಾಕ್ಕ ಸೈಕಲ್ ಮ್ಯಾಲೆ, ನಡುವ ಇಳಿದೋರು ಜೀಪಿನಾಗ. ಎಲ್ಲಾರಿಗೂ ಒಂದೇ ಕಾಯ್ದಾ."

ಆ ಕಾಯ್ದೆ ಯಾರಿಗಾಗಿ ಹುಟ್ಟಿತು ಎಂಬುದು ಸಭೆಗೆಲ್ಲ ಗೊತ್ತಿತ್ತು. ಶಾಲೆಯ ಪ್ರವಾಸ ಇರಲಿ, ಸಮ್ಮೇಳನ ಇರಲಿ, ಎಲ್ಲರೂ ಊರು ನೋಡುವಾಗ ನಾನು ಪಲ್ಯದ ಬುಟ್ಟಿ ಕಾಯುತ್ತಾ ಬಂದವಳು. ಈ ಒಂದು ಸಲವಾದರೂ ನನ್ನ ಕಾಲಿನ ಮೇಲೆ ನಾನು ಹೋಗಬೇಕೆಂಬ ಹಟ ಹುಟ್ಟಿತು. ಆಯಿತು ಎಂದು ಒಪ್ಪಿಕೊಂಡೆ.

ಐತವಾರ ಬೆಳಿಗ್ಗೆ ಬಸ್ ನಿಲ್ದಾಣದ ಎದುರು ಪೆಂಡಾಲ್ ಎದ್ದಿತ್ತು. ನಮ್ಮ ಕಡೆ ಸಾಧನೆ ಮಾಡಿದವರಿಗೆ ಸನ್ಮಾನ ಮಾಡುವುದು ಹಳೆಯ ಮಾತಾಯಿತು. ಈಗ ಮಾಡುತ್ತೇನೆ ಎಂದು ಬಾಯಿ ಬಿಟ್ಟರೂ ಸಾಕು, ಶಾಲು ಬಂದು ಹೆಗಲೇರುತ್ತದೆ. ಒಂದು ಸುತ್ತೂ ಪೆಡಲ್ ತುಳಿಯದ ಸಾಹಸಿಗಳಿಗೆ ಶಾಲು, ಹಾರ, ಪೇಟ, ಮೇಲೊಂದು ತೆಂಗಿನಕಾಯಿ. ನನಗೆ ಅರಿಶಿನ ಕುಂಕುಮ ಕೊಟ್ಟು ಹಾರಗಳ ತಟ್ಟೆ ಹಿಡಿಸಿದರು. ಸಿಟ್ಟು ನೆತ್ತಿಗೇರಿತ್ತು, ನುಂಗಿಕೊಂಡೆ.

ಹೊರಟೆವು. ನೀರು, ಬಾಳೆಹಣ್ಣು ಹೇರಿಕೊಂಡು ಶಹಬಾಜನ ಟೆಂಪೋ ಹಿಂದೆ ಬಂತು. ಊರು ದಾಟುವ ಮೊದಲೇ ತಹಶೀಲ್ ಕಚೇರಿಯ ವಾಸುದೇವರಾಯರು ತಮ್ಮ ಷಡ್ಡಕರ ಮನೆ ಮುಂದೆ ಚಹಾಕ್ಕೆ ನಿಲ್ಲಿಸಿದರು. ಆಮೇಲೆ ಯಾರದೋ ಹೊಲದ ಕಟ್ಟೆಯ ಮೇಲೆ ಸುಸಲಾ, ಮಿರ್ಚಿ ಭಜ್ಜಿ. ಬೇಡ ಎಂದರೆ ಮನೆತನಕ್ಕೆ ಅವಮಾನ ಮಾಡಿದಂತೆ. ದಂಡೋತಿ ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು.

ದಂಡೋತಿಯಲ್ಲಿ ಅಮೃತಪ್ಪನವರ ಹೆಂಡತಿಯ ತಮ್ಮ ಸಿದ್ಧಲಿಂಗ ದೊಡ್ಡ ಏರ್ಪಾಡು ಮಾಡಿದ್ದ. ಭಾಷಣ, ಹೋಳಿಗೆ, ಹೋಳಿಗೆ ಮುಳುಗುವಷ್ಟು ತುಪ್ಪ, ಮತ್ತೊಂದು ಸುತ್ತು ಶಾಲು. ಮೊದಲ ಶಾಲಿನ ಮೇಲೆಯೇ ಎರಡನೆಯದನ್ನು ಹೊದ್ದು ಅಧ್ಯಕ್ಷರು ಸೈಕಲ್ ಹತ್ತಿದರು. ಶಾಲಿನ ಅಂಚು ಚೈನಿನ ಹತ್ತಿರ ಜೋತಾಡುತ್ತಿತ್ತು.

"ಸರ್, ಶಾಲು ಟೆಂಪೋದಾಗ ಇಡ್ರಿ. ಚೈನಿಗೆ ಸಿಗ್ತದ" ಎಂದೆ.

"ಬೀಗರು ಹೊದಿಸಿದ್ದು ಅವ್ರ ಕಣ್ಣೆದುರಿಗೇ ತೆಗೀಲಿಕ್ಕ ಬರ್ತದೇನ್ರಿ? ಜರಾ ರೀತಿ ರಿವಾಜು ನೋಡಬೇಕು ಮೇಡಂ."

ಬೀಗ ಸಿದ್ಧಲಿಂಗನೋ, ಬೀಳ್ಕೊಡಲೆಂದು ಮೋಟರ್ ಸೈಕಲ್ ಮೇಲೆ ವಿಡಿಯೋ ಹಿಡಿಯುತ್ತಾ ಪಕ್ಕದಲ್ಲೇ ಬರುತ್ತಿದ್ದ. ಅವನು ತಿರುಗಿ ಹೋಗುವವರೆಗೆ ಶಾಲು ಇಳಿಯುವಂತಿಲ್ಲ, ಹಿರಿಯರ ಶಾಲು ಇಳಿಯುವವರೆಗೆ ಉಳಿದವರದೂ ಇಳಿಯುವಂತಿಲ್ಲ. ಕಾಗಿಣಾ ಸೇತುವೆಯ ಮೇಲೆ ಗಾಳಿ ಬೀಸಿತು. ಬೀಗರ ಮರ್ಯಾದೆ ಚೈನಿನೊಳಗೆ ಸಿಕ್ಕಿತು. ಅಮೃತಪ್ಪನವರು ಬಿದ್ದರು, ಅವರ ಮೇಲೆ ವಾಸುದೇವರಾಯರು, ರಾಯರ ಮೇಲೆ ಉಳಿದ ಬಳಗ. ಎಲ್ಲರ ಹಿಂದಿದ್ದ ನಾನು ಬ್ರೇಕ್ ಒತ್ತಿ ಉಳಿದುಕೊಂಡೆ. ಮೊಣಕಾಲು ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಹೋಳಿಗೆಯ ಭಾರಕ್ಕೆ ಮತ್ತೆ ಸೈಕಲ್ ಹತ್ತುವ ಮನಸ್ಸು ಬಿದ್ದವರಲ್ಲಿ ಒಬ್ಬರಿಗೂ ಇರಲಿಲ್ಲ. ಶಹಬಾಜ ಸೈಕಲ್ಲುಗಳನ್ನು ಟೆಂಪೋಕ್ಕೆ ಏರಿಸಿದ.

"ಹತ್ರಿ ಮೇಡಂ, ಹಟ ಬ್ಯಾಡ" ಎಂದರು ಅಧ್ಯಕ್ಷರು, ಮುಂದಿನ ಸೀಟಿನಿಂದ.

"ಕಾಯ್ದಾ ನೀವೇ ಮಾಡೀರಿ ಸರ್."

"ಅದು ಸೇಡಂನಾಗ ನೋಡೋಣ್ರಿ" ಎಂದರು. ಟೆಂಪೋ ಹೊರಟಿತು.

ನಾನು ತುಳಿದೆ. ಸಿಮೆಂಟಿನ ಲಾರಿಗಳು ಬೂದಿಯಂಥ ಧೂಳು ಎರಚಿ ಹೋದವು. ತೊಗರಿ ಹೊಲಗಳು ಮುಗಿಯಲೊಲ್ಲವು. ಮೊಣಕಾಲು ನೋಯುತ್ತಿತ್ತು, ಬಾಯಿ ಒಣಗಿತ್ತು. ಆದರೂ ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿ ನನಗೆ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ.

ಸೇಡಂನ ಅಂಚಿನಲ್ಲಿ ಬೇವಿನ ಮರದ ಕೆಳಗೆ ಟೆಂಪೋ ಖಾಲಿ ನಿಂತಿತ್ತು.

"ಇಲ್ಲೇ ಇಳಿದ್ರು ಮೇಡಂ" ಎಂದ ಶಹಬಾಜ. "ಬೆವರು ಕಾಣ್ಲಿ ಅಂತ ಮುಖಕ್ಕ ನೀರು ಹೊಡ್ಕೊಂಡು ಸೈಕಲ್ ಮ್ಯಾಲೆ ಹೋದ್ರು."

ಕಲ್ಯಾಣ ಮಂಟಪದ ಸ್ವಾಗತ ಸಭೆಯಲ್ಲಿ ಬಳಗ ಹೊಸ ಶಾಲು ಹೊದ್ದು ವೇದಿಕೆಯ ಮೇಲೆ ಕುಳಿತಿತ್ತು. ನನ್ನನ್ನು ಕಂಡು ಅಮೃತಪ್ಪನವರ ಮುಖ ಅರಳಿತು.

"ಭಾಳ ಛಲೋ ಆತು ಬಂದ್ರಿ. ಪ್ರಾರ್ಥನಾ ಹಾಡೋರು ಯಾರೂ ಇರ್ಲಿಲ್ಲ" ಎಂದು ಮೈಕು ಕೈಗಿತ್ತರು.

ಹಾಡಲಿಲ್ಲ. "ಪ್ರಾರ್ಥನಾಕ್ಕ ಮೊದಲ ಒಂದು ಮಾತು. ಚಿತ್ತಾಪುರದಿಂದ ಇಲ್ಲಿ ತನಕ ಸೈಕಲ್ ತುಳ್ಕೊಂಡು ಬಂದೋರು ಜರಾ ಎದ್ದು ನಿಂದ್ರಿ" ಎಂದೆ. ಒಬ್ಬರಾದರೂ ತಲೆ ತಗ್ಗಿಸಿಯಾರು ಎಂದುಕೊಂಡಿದ್ದೆ.

ಎಲ್ಲರೂ ಎದ್ದು ನಿಂತರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ವಾಸುದೇವರಾಯರು ಕುರ್ಚಿ ಹಿಡಿದುಕೊಂಡು ಎದ್ದರು. ಸಭೆ ಚಪ್ಪಾಳೆ ತಟ್ಟಿತು. ನಾನು ಮೊದಲಿನಿಂದಲೂ ನಿಂತೇ ಇದ್ದೆನಲ್ಲ, ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

"ಎಲ್ಲಾರೂ ಪಾಸ್" ಎಂದು ಅಧ್ಯಕ್ಷರು ಸಭೆಗೆ ಸಾರಿ, ನನ್ನ ಕಡೆ ಬಾಗಿ ದನಿ ತಗ್ಗಿಸಿದರು. "ಯಾತ್ರಾದಾಗ ಊರೂರಿಗೂ ನೀವೇ ಹಾಡಬೇಕ್ರಿ ಮೇಡಂ. ಜೀಪಿನಾಗ ಮುಂದಿನ ಸೀಟು ನಿಮಗೇ ಇಟ್ಟೀನಿ."

ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಮೈಕು ಇನ್ನೂ ನನ್ನ ಬಾಯಿಯ ಮುಂದೆಯೇ ಇತ್ತು.

"ಜೀಪಿನಾಗ ನೀವೇ ಕುಂದ್ರಿ ಸರ್" ಎಂದೆ. "ನಿಮ್ಗ ಇವತ್ತ ಅದ್ರದೇ ಪ್ರಾಕ್ಟೀಸ್ ಆಗ್ಯದ. ನಂದು ಸೈಕಲ್ಲಿಂದು ಆಗ್ಯದ."