ಪೆಗ್ಗಿಯ ಗಂಟಲು

ವರ್ಲೀನ್ ಟಿಬ್ಸ್‌ಗೆ ಎರಡು ಗಂಟಲು. ಮನೆಯಲ್ಲಿ, ಚರ್ಚಿನಲ್ಲಿ ತನ್ನದು. ಫೋನಿನಲ್ಲಿ ಪೆಗ್ಗಿ ಎಂಬ ಬಿಳಿ ಹೆಂಗಸಿನದು. ಅವಳು ಕೆಲಸಕ್ಕಿದ್ದ, ಅಮೆರಿಕದ ಜಾರ್ಜಿಯಾದ ಕಚೇರಿ ಕೂಲಿಗೆ ಯಾರ ಪರವಾಗಿ ಬೇಕಾದರೂ ವೋಟು ಕೇಳುತ್ತಿತ್ತು. ಕಪ್ಪು ಹೆಂಗಸಾದ ಅವಳನ್ನು ಸೇರಿಸಿಕೊಂಡದ್ದೇ ಆ ಎರಡನೆಯ ಗಂಟಲಿಗಾಗಿ. ಫೋನಿನಲ್ಲಿ ನಿಜವಾದ ಹೆಸರು ಹೇಳಿದವರಿಗೆ ಅಂದೇ ಗೇಟ್‌ಪಾಸ್. ಕೆಲಸ ಹೋದರೆ ಹೊಸ ಬಡಾವಣೆಯ ಮನೆಯೂ ಹೋದಂತೆ.

ಈ ವಾರ ಡನವೇ ಎಂಬ ಅಭ್ಯರ್ಥಿಯ ಸರದಿ. "ನಮ್ಮ ತಾತ ಮೈಕ್ ಹಿಡ್ಕೊಂಡು ಕರಿಯರನ್ನ ಬಾಯ್ತುಂಬ ಬಯ್ತಿದ್ದ," ಎಂದ ಮೇಲ್ವಿಚಾರಕ ಲೈಲ್, ಓದಬೇಕಾದ ಹಾಳೆ ಹಂಚುತ್ತ. "ಅಪ್ಪನ ಕಾಲಕ್ಕೆ ಅದು 'ಕಾನೂನು ಸುವ್ಯವಸ್ಥೆ' ಆಯ್ತು. ನಾವು ಇನ್ನೂ ಸುಧಾರಿಸಿದೀವಿ. ನೋಡು, ಎಲ್ಲಾದ್ರೂ ಮೈಬಣ್ಣದ ಮಾತಿದೆಯಾ?"

ಇರಲಿಲ್ಲ. ಬಾಡಿಗೆ ಮನೆಗಳ ದೊಡ್ಡ ಕಟ್ಟಡ ಬರುತ್ತದೆ, ಎಂಥೆಂಥವರೋ ಬರುತ್ತಾರೆ, ಬಡಾವಣೆಯ ಕಳೆ ಕೆಡುತ್ತದೆ ಎಂದಷ್ಟೇ ಇತ್ತು.

ಊಟಕ್ಕೆ ಮುಂಚೆ ಕಂಪ್ಯೂಟರಿನಲ್ಲಿ ಮೂಡಿದ ಹೆಸರು ಅರ್ಡಿಸ್ ಪೆಟಿಗ್ರೂ. ಬೇಲಿಯಾಚೆ ಮನೆಯ ಬಿಳಿ ಮುದುಕಿ! ಮೊನ್ನೆ ಅವಳು ಜಾರಿ ಬಿದ್ದಾಗ ಆಸ್ಪತ್ರೆಗೆ ಒಯ್ದವಳು ವರ್ಲೀನಳೇ. ಲೈಲ್ ಹಿಂದೆಯೇ ನಿಂತು ಎರಡೂ ಕಡೆಯ ಮಾತು ಕೇಳಿಸಿಕೊಳ್ಳುತ್ತಿದ್ದ. ವಿಧಿಯಿಲ್ಲದೆ ಹಾಳೆ ಓದಿದಳು.

"ತಡ ಮಾಡಿದೆ ಕಣಮ್ಮಾ ಪೆಗ್ಗಿ," ಎಂದಳು ಮುದುಕಿ. "ನಮ್ಮ ಪಕ್ಕಕ್ಕೇ ಒಬ್ಬಳು ಬಂದಾಗಿದೆ."

"ಏನಾದ್ರೂ ತೊಂದ್ರೆ ಕೊಡ್ತಾಳಾ?"

"ಛೆ ಛೆ, ಬಂಗಾರದಂಥವಳು. ನನ್ನ ಕಸದ ಡಬ್ಬಾನೂ ಅವಳೇ ಎಳೆದಿಡ್ತಾಳೆ. ಒಬ್ಬಳಾದ್ರೆ ಅಡ್ಡಿಯಿಲ್ಲ. ಬಳಗವೆಲ್ಲ ಬಂದು ಕೂತ್ರೆ? ನಿನಗೇನು ಬಿಡಿಸಿ ಹೇಳ್ಬೇಕಾ, ನೀನೂ ನಮ್ಮೋಳೇ."

ವರ್ಲೀನ್ ಹಾಳೆಯ ಮುಂದಿನ ಸಾಲಿಗೆ ಹೋದಳು. "ಮಂಗಳವಾರ ಮತಗಟ್ಟೆಗೆ ಹೋಗೋಕೆ ವಾಹನ ಇದೆಯಾ?"

"ಇದೆಯಲ್ಲ! ಅವಳೇ ಕರ್ಕೊಂಡು ಹೋಗ್ತಾಳೆ. ಇನ್ನೂ ಕೇಳಿಲ್ಲ. ಆಗಲ್ಲ ಅನ್ನೋ ಪೈಕಿಯಲ್ಲ ಅವಳು."

ಪೆಗ್ಗಿಯ ಗಂಟಲು ಕೈಕೊಟ್ಟಿತು. ಬಂದದ್ದು ಸ್ವಂತದ್ದು.

"ಆಗ್ಲಿ ಮಿಸ್ ಅರ್ಡಿಸ್. ನಾನು ವರ್ಲೀನ್. ಹತ್ತು ಗಂಟೆಗೆ ರೆಡಿಯಾಗಿರಿ, ಬಾಗಿಲಿಗೇ ಕಾರು ತರ್ತೀನಿ."

"ಅಯ್ಯೋ... ನಿನ್ನ ಬಗ್ಗೆ ಅಲ್ಲಮ್ಮ ನಾನು ಹೇಳಿದ್ದು."

"ಗೊತ್ತು. ನನ್ನ ಬಳಗದ ಬಗ್ಗೆ."

ಫೋನಿಟ್ಟು ಅವಳು ಹೊರಡಲು ಚೀಲ ಎತ್ತಿಕೊಂಡಳು.

"ಎಲ್ಲಿಗೆ? ಕೂತ್ಕೊ!" ಲೈಲ್‌ನ ಮುಖ ಅರಳಿತ್ತು. "ಎಂಥಾ ತಲೆ ನಿಂದು! ಪಕ್ಕದ ಮನೆಯವಳು ನಾನೇ ಅಂತ ಹೇಳಿ ವಾಹನಾನೂ ಗೊತ್ತು ಮಾಡ್ಬಿಟ್ಟೆ. ಹೆಸರು ಹೇಳಿದ್ದನ್ನ ನಾನು ಕೇಳಿಸ್ಕೊಂಡಿಲ್ಲ, ಬಿಡು. ಮುದುಕಿಯ ಹೆಸರಿನ ಮುಂದೆ 'ವೋಟು ಖಾತ್ರಿ' ಅಂತ ಹಾಕು."

ಮಂಗಳವಾರ ವರ್ಲೀನ್ ಬಾಗಿಲ ಮುಂದೆ ಹಾರ್ನ್ ಮಾಡಿದಳು. ಪರದೆ ಅಲುಗಿತು, ಬಾಗಿಲು ತೆರೆಯಲಿಲ್ಲ. ಇಳಿದು ಹೋಗಿ ಬಡಿದಳು.

"ಮೈಗೆ ಹುಷಾರಿಲ್ಲಮ್ಮ," ಒಳಗಿನಿಂದಲೇ ದನಿ ಬಂತು. "ನೀನು ಹೋಗಿ ಬಾ."

ಅವಳು ಹೋದಳು. ಡನವೇಯ ವಿರುದ್ಧ ಒಂದು ವೋಟು ಬಿತ್ತು. ಪರವಾಗಿ ಬೀಳಬೇಕಿದ್ದ ಒಂದು ಬೀಳಲೇ ಇಲ್ಲ. ಇವಳಷ್ಟು ಚೆನ್ನಾಗಿ ಪ್ರಚಾರ ಮಾಡುವವರು ಇಡೀ ಕಚೇರಿಯಲ್ಲಿಲ್ಲ ಎಂದು ಲೈಲ್ ಆ ಸಂಜೆಯೂ ಎಲ್ಲರಿಗೂ ಹೇಳುತ್ತಿದ್ದ.